ಬೊಗಸೆಯ ಎಡಗಣ್ಣು

ಆ ಬೀದಿಯಲ್ಲಿ ಮುದುಕ ಫೋಟೋಗ್ರಾಫರರ ನಿಜವಾದ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು 'ನೆಗೆಟಿವ್'. ಫಿಲ್ಮಿನ ಕಾಲದಿಂದ ಸ್ಟುಡಿಯೋ ನಡೆಸಿದವರು, ತೆಗೆದ ಒಂದೇ ಒಂದು ನೆಗೆಟಿವನ್ನೂ ಎಸೆದವರಲ್ಲ. ಹೆಸರಿಗೆ ಅದೊಂದು ಕಾರಣ. ಏನು ಕೇಳಿದರೂ ಮೊದಲು 'ಆಗಲ್ಲ' ಎಂದೇ ಬಾಯಿ ತೆರೆಯುತ್ತಿದ್ದುದು ಇನ್ನೊಂದು ಕಾರಣ.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮನೆಯಲ್ಲೇ ಕಿಟಕಿ ಪರದೆ ಹೊಲಿದು ಅಂಗಡಿಗಳಿಗೆ ಕೊಡುತ್ತಿದ್ದಳು. ಅವಳ ಗಂಡ ಲಿಫ್ಟ್ ರಿಪೇರಿಯವನು. ಚಿಕ್ಕವಳು ಅಪ್ಪನ ಜೊತೆ ಸ್ಟುಡಿಯೋ ನೋಡಿಕೊಳ್ಳುತ್ತಿದ್ದಳು. ದೊಡ್ಡವಳ ಮಗಳಿಗೆ ಆಗಷ್ಟೇ ಎರಡು ವರ್ಷ ತುಂಬಿತ್ತು. ಮುಖದ ತುಂಬ ಕಣ್ಣೇ ಇದ್ದ ಆ ಮಗುವನ್ನು ಹುಟ್ಟಿದ ವಾರದಿಂದಲೇ ಎಲ್ಲರೂ 'ಬೊಗಸೆ' ಎಂದು ಕರೆಯತೊಡಗಿದ್ದರು. ಬೊಗಸೆಗೆ 'ಚಿಕ್ಕಮ್ಮ' ಅನ್ನಲು ನಾಲಿಗೆ ತಿರುಗದೆ 'ಚಿಕ್ಕಿ' ಅಂದಿದ್ದೇ ತಡ, ಮನೆಮಂದಿಗೆಲ್ಲ ಚಿಕ್ಕವಳು ಚಿಕ್ಕಿಯೇ ಆಗಿಬಿಟ್ಟಳು.

ಅಪ್ಪ ಮಗಳ ಜಗಳ ಹತ್ತಿಕೊಂಡದ್ದು ಹಾರ್ಡ್ ಡಿಸ್ಕುಗಳು ತುಂಬಿದ್ದರಿಂದ. ಸ್ಟುಡಿಯೋದಲ್ಲಿ ತೆಗೆದ ಪ್ರತಿ ಫೋಟೋವನ್ನೂ ರಾ ಫೈಲಾಗಿ ಇಡುತ್ತಿದ್ದರು. ರಾ ಎಂದರೆ ಕ್ಯಾಮೆರಾ ಕಂಡದ್ದನ್ನು ಕಂಡಂತೆ, ಸೋಸದೆ, ತಿದ್ದದೆ ಇಟ್ಟುಕೊಂಡ ಫೈಲು. ಅಪ್ಪನ ಮಾತಿನಲ್ಲಿ ಹೇಳುವುದಾದರೆ, ಈ ಕಾಲದ ನೆಗೆಟಿವ್. ತೊಂದರೆ ಏನೆಂದರೆ ಒಂದೊಂದು ಕ್ಯಾಮೆರಾ ಕಂಪನಿಗೂ ಒಂದೊಂದು ಬಗೆಯ ರಾ. ಇವರ ಹಳೇ ಕ್ಯಾಮೆರಾ ಮಾಡಿದ ಕಂಪನಿ ಬಾಗಿಲು ಮುಚ್ಚಿಕೊಂಡು ಹೋಗಿತ್ತು. ಹೊಸ ಕಂಪ್ಯೂಟರ್ ತಂದ ಮೇಲೆ ಅದರ ಫೈಲುಗಳನ್ನು ಒತ್ತಿದರೆ 'ಗುರುತು ಸಿಗುತ್ತಿಲ್ಲ' ಎಂಬ ಸಂದೇಶ ಬರತೊಡಗಿತು.

"ಎಲ್ಲಾನೂ ಡಿಎನ್‌ಜಿ ಅನ್ನೋ ಬಗೆಯ ರಾ ಫೈಲಿಗೆ ಬದಲಾಯಿಸಿಬಿಡೋಣ ಅಪ್ಪಾ," ಅಂದಳು ಚಿಕ್ಕಿ. "ಅದು ಯಾವ ಒಂದು ಕಂಪನಿಯ ಗುಟ್ಟೂ ಅಲ್ಲ. ಹೇಗೆ ಬರೀತಾರೆ, ಹೇಗೆ ಓದ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ. ನಾಳೆ ಈಗಿನ ಕಂಪನಿಯೂ ಮುಚ್ಚಿದ್ರೆ ನಾವು ಬೀದಿಗೆ ಬೀಳೋದು ಬೇಡ. ಮಾಡಿದ ಮೇಲೆ ಮೂಲ ಫೈಲ್ ಅಳಿಸಿದ್ರೆ ಜಾಗಾನೂ ಸಿಗುತ್ತೆ."

"ಆಗಲ್ಲ."

"ಕೇಳೋಕ್ಕೆ ಮುಂಚೆನೇ ಆಗಲ್ವಾ?"

"ಕೇಳಿದೆ ಕಣಮ್ಮಾ. ಪ್ರಿಂಟ್ ಹಾಕಿದ್ದಾಯ್ತು ಅಂತ ನೆಗೆಟಿವ್ ಸುಡ್ತಾರಾ ಯಾರಾದ್ರೂ? ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯೋವಾಗ ನಾಲ್ಕು ತೊಟ್ಟು ಚೆಲ್ಲೇ ಚೆಲ್ಲುತ್ತೆ. ಏನು ಚೆಲ್ತು ಅಂತ ಆಮೇಲೆ ಗೊತ್ತಾಗಿ ಏನು ಪ್ರಯೋಜನ?"

"ತೆರೆಯೋಕ್ಕೇ ಬರದ ಪಾತ್ರೆಲಿ ತುಂಬಿಟ್ಟು ಏನು ಪ್ರಯೋಜನ?"

ಇದು ದಿನಾ ಇದ್ದದ್ದೇ. ಕೊನೆಗೊಂದು ಬೆಳಿಗ್ಗೆ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ, ಒಂದೇ ಫೋಟೋವನ್ನು ಎರಡೂ ಬಗೆಯಲ್ಲಿ ಇಟ್ಟು ಅಕ್ಕಪಕ್ಕ ಹಿಗ್ಗಿಸಿ ನೋಡುವುದೆಂದು ಒಪ್ಪಂದವಾಯಿತು. ವ್ಯತ್ಯಾಸ ಕಂಡರೆ ಅಪ್ಪ ಗೆದ್ದಂತೆ, ಕಾಣದಿದ್ದರೆ ಮಗಳು.

ಫೋಟೋ ಆರಿಸಿದ್ದು ಅಪ್ಪನೇ. "ನನ್ನ ಮೊಮ್ಮಗಳ ಹುಟ್ಟುಹಬ್ಬದ್ದೇ ತೆಗಿ. ಅವಳ ಕೂದಲಿನ ಕಪ್ಪಿಗಿಂತ ಕಷ್ಟದ ಕಪ್ಪು ಇನ್ನೊಂದಿಲ್ಲ."

ಆ ದಿನ ಅಕ್ಕನ ಮನೆಯಲ್ಲಿ ಕರೆಂಟು ಹೋಗಿದ್ದರಿಂದ ಎಲ್ಲವನ್ನೂ ಫ್ಲ್ಯಾಶ್ ಹಾಕಿ ತೆಗೆದಿದ್ದರು. ಚೆನ್ನಾಗಿ ಬಂದ ಹತ್ತಾರನ್ನು ಪ್ರಿಂಟ್ ಹಾಕಿ ಕೊಟ್ಟಾಗಿತ್ತು. ಅಪ್ಪ ಬೆರಳಿಟ್ಟದ್ದು ಪ್ರಿಂಟ್ ಹಾಕದೆ ಉಳಿದಿದ್ದ ಒಂದಕ್ಕೆ. ಬೊಗಸೆ ಕೇಕಿನ ಕಡೆ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು, ಬಾಯಿ ಅರ್ಧ ತೆರೆದಿತ್ತು.

ಚಿಕ್ಕಿ ಅದನ್ನು ಡಿಎನ್‌ಜಿ ಮಾಡಿ ಪರದೆಯ ಮೇಲೆ ತಂದಳು. ಅಪ್ಪ ಕನ್ನಡಕ ಒರೆಸಿಕೊಂಡು ಕುರ್ಚಿ ಎಳೆದು ಕೂತರು. ಕೂದಲು ನೋಡಿದರು. ಎಳೆ ಎಳೆಯೂ ಇತ್ತು. ಕೆನ್ನೆ ನೋಡಿದರು. ಮೇಜಿನ ಕೆಳಗಿನ ಕತ್ತಲೆ ನೋಡಿದರು. ಸೋಲುವ ಲಕ್ಷಣ ಕಂಡು ಗೊಣಗುತ್ತ ಚಿತ್ರವನ್ನು ಮೇಲೆ ಸರಿಸಿದರು. ಒಮ್ಮೆಲೇ ಮೇಜು ಕುಟ್ಟಿದರು.

"ಸಿಕ್ತು ನೋಡು! ನೋಡಿಲ್ಲಿ! ಕಣ್ಣನ್ನೇ ಕೆಡಿಸಿ ಇಟ್ಟಿದೆ ನಿನ್ನ ಡಿಎನ್‌ಜಿ!"

ಚಿಕ್ಕಿ ಬಗ್ಗಿ ನೋಡಿದಳು. ಫ್ಲ್ಯಾಶಿನ ಬೆಳಕಿಗೆ ಬೊಗಸೆಯ ಬಲಗಣ್ಣಿನ ಪಾಪೆ ಕೆಂಪಗೆ ಹೊಳೆಯುತ್ತಿತ್ತು, ಎಲ್ಲ ಮಕ್ಕಳ ಕಣ್ಣೂ ಹೊಳೆಯುವಂತೆ. ಎಡಗಣ್ಣಿನದು ಕೆಂಪಾಗಿರಲಿಲ್ಲ. ಕಪ್ಪೂ ಅಲ್ಲ. ಹಳದಿ ಬೆರೆತ ಬಿಳುಪು. ಕತ್ತಲಲ್ಲಿ ಬೆಕ್ಕಿನ ಮೇಲೆ ಟಾರ್ಚ್ ಬಿಟ್ಟ ಹಾಗೆ.

"ನಾಲ್ಕು ತೊಟ್ಟು ಚೆಲ್ಲುತ್ತೆ ಅಂದಿದ್ನಾ ಇಲ್ವಾ?" ಅಪ್ಪನಿಗೆ ಸಂಭ್ರಮವೋ ಸಂಭ್ರಮ. "ಬಣ್ಣಾನೇ ಹಾರಿಹೋಗಿದೆ. ಈಗ ಮೂಲ ಫೈಲ್ ತೆಗಿ. ನಿನ್ನ ಕಣ್ಣಿಂದಾನೇ ನೋಡು."

ಅವಳು ಮೂಲ ಫೈಲು ತೆರೆದು ಪಕ್ಕದಲ್ಲಿ ಇಟ್ಟು ಅಷ್ಟೇ ಹಿಗ್ಗಿಸಿದಳು.

ಅದೇ ಬಿಳುಪು. ಒಂದು ಚುಕ್ಕೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಪ್ಪನ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಗೆದ್ದ ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. "ಫ್ಲ್ಯಾಶ್ ಎಲ್ಲೋ ಬಡಿದು ವಾಪಸ್ ಬಂದಿರುತ್ತೆ," ಅಂದರು. ಆಮೇಲೆ ತಮಗೇ ಹೇಳಿಕೊಂಡಂತೆ, "ಆದ್ರೆ ಕೆಂಪಾದ್ರೆ ಎರಡೂ ಕೆಂಪಾಗ್ತವೆ. ಒಂದು ಮಾತ್ರ ಹೀಗೆ ಆಗಿದ್ದು ನಾನು ಕಂಡಿಲ್ಲ."

ಹುಟ್ಟುಹಬ್ಬದ ದಿನದ ಉಳಿದ ಫೈಲುಗಳನ್ನೆಲ್ಲ ಚಿಕ್ಕಿ ತೆರೆಯುತ್ತ ಹೋದಳು. ಮಗು ನೇರವಾಗಿ ನೋಡಿದ ಕಡೆ ಎರಡು ಕಣ್ಣೂ ಕೆಂಪು. ಮುಖ ಪಕ್ಕಕ್ಕೆ ತಿರುಗಿದ ಇನ್ನೂ ಕೆಲವು ಚಿತ್ರಗಳಲ್ಲಿ ಎಡಗಣ್ಣು ಮತ್ತೆ ಬಿಳಿ. ಮಕ್ಕಳ ಕಣ್ಣು ಹೀಗೆ ಹೊಳೆಯುವುದರ ಬಗ್ಗೆ ಎಲ್ಲೋ ಯಾರೋ ಹೇಳಿದ್ದು ನೆನಪಾಗಿ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಕೆಲವೊಮ್ಮೆ ಬರೀ ಬೆಳಕಿನ ಆಟ ಎಂದು ಬರೆದಿತ್ತು. ಕೆಲವೊಮ್ಮೆ ಪೊರೆ. ಮೂರನೆಯದರ ಹೆಸರು ಓದಿ ಪುಟ ಮುಚ್ಚಿದಳು. ಮತ್ತೆ ತೆರೆದಳು.

"ಅದನ್ನ ಮುಚ್ಚು," ಅಪ್ಪ ಗದರಿದರು. "ಅದರಲ್ಲಿ ನೋಡಿದ್ರೆ ನೆಗಡಿ ಬಂದವನೂ ಸಾಯ್ತಾನೆ."

"ಅಕ್ಕನಿಗೆ ಹೇಳ್ಬೇಕು."

"ಏನಂತ ಹೇಳ್ತೀಯಾ? ಫೋಟೋದಲ್ಲಿ ಏನೋ ಬೆಳ್ಳಗೆ ಕಂಡ್ತು ಅಂತ? ಹೆತ್ತ ಹೊಟ್ಟೆ ಕಣೇ ಅದು. ಹಗ್ಗ ನೋಡಿ ಹಾವು ಅಂದ್ರೆ ನಿಜವಾದ ಹಾವಿಗಿಂತ ಜಾಸ್ತಿ ಕಚ್ಚುತ್ತೆ." ಅಷ್ಟು ಹೇಳಿದ ಅಪ್ಪನೇ ಮಾತು ನಿಲ್ಲಿಸಿ, ಕ್ಯಾಮೆರಾ ಚೀಲ ತೆಗೆದು ಅವಳ ಮುಂದಿಟ್ಟರು. "ಹೋಗಿ ಇನ್ನೊಂದು ಸಲ ತೆಗೆದು ನೋಡ್ಕೊಂಡು ಬಾ. ಸುಮ್ನೆ ಬಂದೆ ಅನ್ನು."

ಅಕ್ಕನ ಮನೆಗೆ ಎರಡು ಬೀದಿ ನಡೆಯಬೇಕು. ಅವಳು ನಡೆದದ್ದೇ ಅವಳಿಗೆ ಗೊತ್ತಾಗಲಿಲ್ಲ. ಎದುರಿಗೆ ಅಮ್ಮಂದಿರ ಹೆಗಲ ಮೇಲೆ ಬಂದ ಮಕ್ಕಳ ಕಣ್ಣುಗಳನ್ನೆಲ್ಲ ಕಳ್ಳಿಯಂತೆ ನೋಡುತ್ತ ಹೋದಳು.

ಅಕ್ಕ ಹೊಲಿಗೆ ಯಂತ್ರದ ಮುಂದೆ ಇದ್ದಳು. ಕೋಣೆ ತುಂಬ ಪರದೆ ಬಟ್ಟೆಯ ರಾಶಿ. ಬೊಗಸೆ ರಾಶಿಯ ನಡುವೆ ಕೂತು ಗುಂಡಿ ಡಬ್ಬಿಯಿಂದ ಒಂದೊಂದೇ ಗುಂಡಿ ತೆಗೆದು ತನ್ನ ಚಪ್ಪಲಿಯೊಳಗೆ ತುಂಬುತ್ತಿದ್ದಳು.

"ಏನೇ ಇದು, ಅಂಗಡಿ ಬಿಟ್ಟು ಈ ಹೊತ್ತಲ್ಲಿ? ನೆಗೆಟಿವ್ ಸಾಹೇಬರು ಓಡಿಸಿದ್ರಾ?"

"ಹೊಸ ಫ್ಲ್ಯಾಶ್ ಪರೀಕ್ಷೆ ಮಾಡ್ಬೇಕಿತ್ತು. ಇವಳ ಒಂದೆರಡು ತೆಗೀತೀನಿ." ದನಿ ಸರಿಯಾಗಿಯೇ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

ಕಿಟಕಿಗೆ ಪರದೆ ಎಳೆದಳು. ಕೋಣೆ ಮಬ್ಬಾಯಿತು. "ಬೊಗಸೇ, ಬಾಗಿಲಲ್ಲಿ ಯಾರು ಬಂದ್ರು ನೋಡು!" ಮಗು ಬಾಗಿಲ ಕಡೆ ತಿರುಗಿತು. ಫ್ಲ್ಯಾಶ್ ಮಿಂಚಿತು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಚಿತ್ರ ಹಿಗ್ಗಿಸುವಾಗ ಹೆಬ್ಬೆರಳು ಎರಡು ಸಲ ಜಾರಿತು.

ಬಿಳಿ.

"ಯಾರೂ ಇಲ್ಲ!" ಎಂದು ಬೊಗಸೆ ಕೇಕೆ ಹಾಕಿ ನಕ್ಕಳು. "ಚಿಕ್ಕಿ ಸುಳ್ಳಿ!"

ಯಂತ್ರದ ಸದ್ದು ನಿಂತಿತ್ತು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. "ಏನಾಯ್ತು? ಯಾಕೆ ಹಾಗೆ ಬಿಳಿಚ್ಕೊಂಡೆ?"

ಇನ್ನು ಮುಚ್ಚಿಡುವುದು ಸಾಧ್ಯವಾಗಲಿಲ್ಲ. ಚಿಕ್ಕಿ ಕ್ಯಾಮೆರಾ ತಿರುಗಿಸಿ ತೋರಿಸಿದಳು. ಬೆಳಿಗ್ಗೆ ಕಂಡದ್ದನ್ನೂ ಹೇಳಿದಳು. ಓದಿದ್ದರಲ್ಲಿ ಅರ್ಧ ಮಾತ್ರ ಹೇಳಿದಳು.

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. "ನಿನ್ನ ಕ್ಯಾಮೆರಾ ಕೆಟ್ಟಿದೆ ಅಂತ ನನ್ನ ಮಗೂಗೆ ರೋಗ ಅಂಟಿಸ್ಬೇಡ. ನೋಡಿಲ್ಲಿ, ದಿನಾ ತೆಗೀತೀನಿ ನಾನು." ಫೋನ್ ತೆಗೆದು ಒಂದೊಂದೇ ಚಿತ್ರ ಸರಿಸಿದಳು. ಎಲ್ಲದರಲ್ಲೂ ಎರಡು ಕಣ್ಣು ಕಪ್ಪಗೆ, ಮುದ್ದಾಗಿ, ಹೊಳೆಯುತ್ತಿದ್ದವು. "ಎಲ್ಲಿದೆ ಬಿಳಿ? ಹೇಳು, ಎಲ್ಲಿದೆ?"

"ಅಕ್ಕಾ, ಫೋನು ತಾನೇ ತಿದ್ದಿಬಿಡುತ್ತೆ. ಫ್ಲ್ಯಾಶಲ್ಲಿ ಕಣ್ಣಿನ ಬಣ್ಣ ಕೆಟ್ಟು ಬಂದ್ರೆ ಕಪ್ಪು ಬಳಿದು ಇಡುತ್ತೆ. ನಮ್ಮದು ತಿದ್ದಲ್ಲ. ಕಂಡಿದ್ದನ್ನ ಕಂಡ ಹಾಗೇ ಇಡುತ್ತೆ."

ಅಕ್ಕ ಫೋನನ್ನು ಬಟ್ಟೆಯ ರಾಶಿಯ ಮೇಲೆ ಕವುಚಿಟ್ಟಳು.

ಓದಿದ್ದರಲ್ಲಿ ಇನ್ನೊಂದು ವಿಷಯ ಚಿಕ್ಕಿಯ ತಲೆಯಲ್ಲಿ ಕೊರೆಯುತ್ತಿತ್ತು. ಅವಳು ಮಗುವಿನ ಹಿಂದೆ ಹೋಗಿ ಕೂತಳು. "ಕಣ್ಣಾಮುಚ್ಚಾಲೆ ಆಡೋಣ್ವಾ?" ಎಂದು ಅಂಗೈಯಿಂದ ಎಡಗಣ್ಣನ್ನು ಮುಚ್ಚಿದಳು. ಬೊಗಸೆ ನಗುತ್ತಲೇ ಗುಂಡಿ ಡಬ್ಬಿಗೆ ಕೈ ಹಾಕಿ ಕೆಂಪು ಗುಂಡಿಯೊಂದನ್ನು ಹೆಕ್ಕಿದಳು. ಆಮೇಲೆ ಚಿಕ್ಕಿ ಕೈ ಬದಲಿಸಿ ಬಲಗಣ್ಣು ಮುಚ್ಚಿದಳು.

ಮಗುವಿನ ನಗು ಪಟ್ಟನೆ ನಿಂತಿತು. ಕೈ ಡಬ್ಬಿಯ ಪಕ್ಕದಲ್ಲಿ ನೆಲವನ್ನು ತಡವಿತು. ತಲೆಯನ್ನು ಆ ಕಡೆ ಈ ಕಡೆ ಕೊಸರಿ, "ಬೇಡ, ಬೇಡ" ಎನ್ನುತ್ತ ಚಿಕ್ಕಿಯ ಬೆರಳುಗಳನ್ನು ಎರಡೂ ಕೈಯಿಂದ ಕಿತ್ತು ಹಾಕಿತು.

"ನಿನ್ನ ಕೈ ತಣ್ಣಗಿದೆ, ಅದಕ್ಕೇ," ಅಂದಳು ಅಕ್ಕ. ಎದ್ದು ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಮುಚ್ಚಿ ನೋಡಿದಳು. ಎಡಗಣ್ಣು ಮುಚ್ಚಿದರೆ ಏನೂ ಇಲ್ಲ. ಬಲಗಣ್ಣು ಮುಚ್ಚಿದರೆ ಕೊಸರಾಟ. ಮತ್ತೆ ಮುಚ್ಚಿದಳು. ಮಗು ಅಳತೊಡಗಿತು. ಆಗಲೂ ಅಕ್ಕ ನಿಲ್ಲಿಸಲಿಲ್ಲ. "ಅಮ್ಮ ಇಲ್ಲೇ ಇದ್ದೀನಿ ಕಂದಾ, ನೋಡು, ಅಮ್ಮನ್ನ ನೋಡು" ಎಂದು ಬಲಗಣ್ಣಿನ ಮೇಲೆ ಕೈಯಿಟ್ಟು, ಎಡಗಣ್ಣಿನ ಎದುರಿಗೆ ತನ್ನ ಮುಖ ಹಿಡಿದು ಗೋಗರೆದಳು. ಬೊಗಸೆಯ ಎಡಗಣ್ಣು ಅಮ್ಮನ ಮುಖವನ್ನು ದಾಟಿ ಎಲ್ಲೋ ನೋಡುತ್ತಿತ್ತು.

ಚಿಕ್ಕಿ ಅಕ್ಕನ ಕೈ ಹಿಡಿದು ಬಿಡಿಸಬೇಕಾಯಿತು.

ಫೋನ್ ಹೋದ ಕೂಡಲೇ ಭಾವ ಕೆಲಸದ ಬಟ್ಟೆಯಲ್ಲೇ, ಮೈಯೆಲ್ಲ ಗ್ರೀಸ್ ವಾಸನೆ ಹೊತ್ತು ನೇರ ಕಣ್ಣಿನ ಆಸ್ಪತ್ರೆಗೆ ಬಂದರು. ಕಾಯುವ ಜಾಗದ ಗೋಡೆಗೆ ದೊಡ್ಡದಾಗಿ ಕಣ್ಣಿನ ಚಿತ್ರ ಬರೆದಿತ್ತು. ಯಾರೂ ಅದರ ಕಡೆ ತಲೆ ಎತ್ತಲಿಲ್ಲ. ನರ್ಸು ಮಗುವಿನ ಕಣ್ಣಿಗೆ ಮತ್ತೆ ಮತ್ತೆ ಹನಿ ಹಾಕಿದಳು. ಪಾಪೆಗಳು ಅಗಲವಾಗುತ್ತ ಬೊಗಸೆಯ ಕಣ್ಣು ಇನ್ನೂ ದೊಡ್ಡದಾಗಿ, ಪೂರಾ ಕಪ್ಪಾಗಿ ಕಂಡಿತು. ಆ ಕಪ್ಪಿನೊಳಗೆ ಏನು ಕೂತಿದೆಯೋ ಎಂದು ಚಿಕ್ಕಿ ಮುಖ ಬೇರೆ ಕಡೆ ತಿರುಗಿಸಿದಳು.

ಡಾಕ್ಟರು ಮೃದು ಮಾತಿನ ಹೆಂಗಸು. ಹಣೆಗೆ ದೀಪ ಕಟ್ಟಿಕೊಂಡು ಮೊದಲು ಬಲಗಣ್ಣು ನೋಡಿದರು. ನೋಡುತ್ತ "ಜಾಣೆ, ಬಂಗಾರಿ, ಇನ್ನೊಂಚೂರು" ಅನ್ನುತ್ತಲೇ ಇದ್ದರು. ಎಡಗಣ್ಣಿಗೆ ಬಂದಾಗ ಮಾತು ನಿಂತಿತು. ಬಹಳ ಹೊತ್ತು ನೋಡಿದರು.

"ಒಳಗಿನ ಪರದೆಯ ಮೇಲೆ ಏನೋ ಬೆಳೆದಿದೆ," ಅಂದರು ಕೊನೆಗೆ. "ಗಡ್ಡೆ ಇರಬಹುದು. ರಕ್ತನಾಳ ಸೋರಿ ಆಗುವ ಇನ್ನೊಂದು ತೊಂದರೆಯೂ ನೋಡೋಕ್ಕೆ ಸುಮಾರು ಹೀಗೇ ಇರುತ್ತೆ. ಅದು ಕ್ಯಾನ್ಸರ್ ಅಲ್ಲ. ನಾಳೆ ಅರಿವಳಿಕೆ ಕೊಟ್ಟು ಸರಿಯಾಗಿ ನೋಡ್ಬೇಕು, ಸ್ಕ್ಯಾನ್ ಮಾಡ್ಬೇಕು. ಅಲ್ಲೀವರೆಗೆ ನಾನು ಯಾವುದನ್ನೂ ಖಂಡಿತ ಅಂತ ಹೇಳಲ್ಲ."

'ಅದು ಕ್ಯಾನ್ಸರ್ ಅಲ್ಲ' ಎಂದರೆ ಮೊದಲನೆಯದು ಏನೆಂದು ಹೇಳಿದಂತೆಯೇ ಆಗಿತ್ತು. ಭಾವ ಗೋಡೆಗೆ ಒರಗಿದರು.

"ಇದು ಯಾವಾಗಿನಿಂದ ಇದೆ ಅಂತ ಗೊತ್ತಾದ್ರೆ ನನಗೆ ಸಹಾಯ ಆಗುತ್ತೆ," ಡಾಕ್ಟರು ಮುಂದುವರಿಸಿದರು. "ಮಗು ಇನ್ನೂ ಚಿಕ್ಕದಿದ್ದಾಗ ಫ್ಲ್ಯಾಶ್ ಹಾಕಿ ತೆಗೆದ ಫೋಟೋ ಇದೆಯಾ? ತಿದ್ದಿರಬಾರದು. ಫೋನಿಂದು ಬೇಡ."

ಇತ್ತು. ಮೊದಲ ವರ್ಷದ ಫೋಟೋಗಳೆಲ್ಲ ಇದ್ದವು, ಮುಚ್ಚಿಹೋದ ಕಂಪನಿಯ ಕ್ಯಾಮೆರಾದಲ್ಲಿ ತೆಗೆದವು, ಹೊಸ ಕಂಪ್ಯೂಟರ್ ಗುರುತೇ ಹಿಡಿಯದ ಫೈಲುಗಳಾಗಿ.

ಚಿಕ್ಕಿ ಓಡಿಕೊಂಡೇ ಸ್ಟುಡಿಯೋಗೆ ಬಂದಳು. ಅಪ್ಪ ಅರ್ಧ ಬಾಗಿಲು ಎಳೆದು ಒಳಗೆ ಕೂತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ ಎದ್ದು ಹೋಗಿ ಹಳೇ ಹಾರ್ಡ್ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಅದಕ್ಕೆ ಕರೆಂಟು ಕೊಟ್ಟಾಗ ಒಳಗಿನಿಂದ ಕಟ್ ಕಟ್ ಎಂಬ ಸದ್ದು ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದೇನು ಸದ್ದು?"

"ವಯಸ್ಸಾಯ್ತಲ್ಲಾ ಅದಕ್ಕೂ," ಅಂದರು ಅಪ್ಪ.

ಬೊಗಸೆಯ ಹೆಸರಿನ ಫೋಲ್ಡರ್ ತೆರೆಯಿತು. ಫೈಲುಗಳು ಸಾಲಾಗಿ ಬಂದವು, ಚಿತ್ರವಿಲ್ಲದ ಬೂದು ಚೌಕಗಳು. ಯಾವುದನ್ನು ಒತ್ತಿದರೂ ಗುರುತಿಲ್ಲ, ಗುರುತಿಲ್ಲ. ಮಗುವಿನ ಕಣ್ಣು ಆ ಚೌಕದೊಳಗೇ ಇದೆ, ಎರಡು ಗೇಣು ದೂರದಲ್ಲಿದೆ, ಆದರೂ ನೋಡುವ ಹಾಗಿಲ್ಲ. ಚಿಕ್ಕಿಗೆ ಅಳು ಬಂತು. "ಮೊದಲೇ ಮಾಡ್ಬೇಕಿತ್ತು ಅಪ್ಪಾ. ಮೊದಲೇ ಮಾಡಿಟ್ಟಿದ್ರೆ…"

"ಬಯ್ಯೋದಿದ್ರೆ ಆಮೇಲೆ ಬಯ್ಯಿ. ಈಗ ನಿನ್ನ ಡಿಎನ್‌ಜಿ ಮಾಡು."

ಬೆಳಿಗ್ಗೆ ಬಳಸಿದ್ದ ಪ್ರೋಗ್ರಾಮಿಗೇ ಆ ಫೋಲ್ಡರ್ ಕೊಟ್ಟಳು. ಅದಕ್ಕೆ ಈ ಹಳೇ ಕ್ಯಾಮೆರಾ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಮೊದಲನೆಯ ಫೈಲು ಒಂದು ಕ್ಷಣ ನಿಂತು ಮುಂದೆ ಹೋಯಿತು. ಎರಡನೆಯದು ಹೋಯಿತು. ಮೂರನೆಯದು ಓದಲಾಗದು ಎಂದು ಬಿಟ್ಟಿತು. ಡಿಸ್ಕಿನ ಕಟ್ ಕಟ್ ಜೋರಾಯಿತು. ಅಪ್ಪ ಅದರ ಮೇಲೆ ಹಗುರವಾಗಿ ಕೈ ಇಟ್ಟುಕೊಂಡರು, ಜ್ವರದ ಮಗುವಿನ ಹಣೆ ಮುಟ್ಟುವಂತೆ.

ಬಂದಷ್ಟನ್ನು ತೆರೆದರು. ಅಂಬೆಗಾಲಿಡುತ್ತಿದ್ದ ಸಮಯದ ಚಿತ್ರಗಳಲ್ಲಿ ಬೊಗಸೆ ಹಗಲು ಬೆಳಕಿನಲ್ಲಿದ್ದಳು, ಉಪಯೋಗವಿಲ್ಲ. ಹಲ್ಲು ಬರುವ ಮುಂಚೆ, ಭಾವನ ಹೆಗಲ ಮೇಲೆ ಕೂತಾಗ ಫ್ಲ್ಯಾಶಿನಲ್ಲಿ ತೆಗೆದ ಒಂದು ಇತ್ತೆಂದು ಅಪ್ಪನಿಗೆ ನೆನಪಿತ್ತು. ಓದಲಾಗದು ಎಂದು ಬಿಟ್ಟದ್ದು ಅದನ್ನೇ.

ಚಿಕ್ಕಿ ಹಾಳಾದ ಫೈಲನ್ನೂ ಆದಷ್ಟು ಓದುವ ಇನ್ನೊಂದು ಪ್ರೋಗ್ರಾಮ್ ಹುಡುಕಿ ಇಳಿಸಿಕೊಂಡು ಅದಕ್ಕೆ ಕೊಟ್ಟಳು. ಪರದೆಯ ಮೇಲೆ ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಗೋಡೆ. ಆಮೇಲೆ ಕೂದಲಿನ ತುದಿ. ಹಣೆ. ಹುಬ್ಬು ಬಂತು. "ಇನ್ನೊಂಚೂರು," ಅಪ್ಪ ಪಿಸುಗುಟ್ಟುತ್ತಿದ್ದರು, "ಇನ್ನೊಂಚೂರು ಇಳಿ ನಮ್ಮಪ್ಪಾ, ಇಳಿ." ರೆಪ್ಪೆ. ಕಣ್ಣು. ಮೂಗಿನ ನಡುವಿಗೆ ಬಂದು ಚಿತ್ರ ನಿಂತುಹೋಯಿತು. ಅಲ್ಲಿಂದ ಕೆಳಗೆ ಭಾವನ ಮುಖವೂ ಇಲ್ಲ, ಮಗುವಿನ ಬಾಯೂ ಇಲ್ಲ, ಬರೀ ಬೂದು.

ಎರಡು ಕಣ್ಣು ಮಾತ್ರ ಇದ್ದವು. ಎರಡೂ ಕೆಂಪಗೆ, ಒಂದೇ ಸಮ ಕೆಂಪಗೆ ಹೊಳೆಯುತ್ತಿದ್ದವು.

ಅದಾದ ಮೇಲಿನ ಫೈಲುಗಳನ್ನು ಹುಡುಕಿದಾಗ, ಮೊದಲ ಹುಟ್ಟುಹಬ್ಬದ ಚಿತ್ರದಲ್ಲೂ ಎರಡು ಕಣ್ಣು ಕೆಂಪು. ಹೊಸ ಕ್ಯಾಮೆರಾ ತಂದು ಕೆಲ ತಿಂಗಳಾದ ಮೇಲೆ ತೆಗೆದ ಒಂದರಲ್ಲಿ ಎಡಗಣ್ಣಿನ ಅಂಚಿಗೆ ಉಗುರಿನ ಗೀರಿನಷ್ಟು ಹಳದಿ ಗೆರೆ. ಅಷ್ಟನ್ನೂ ತಿದ್ದದೆ ಹಾಗೇ ಪೆನ್‌ಡ್ರೈವಿಗೆ ಹಾಕಿಕೊಂಡು ಇಬ್ಬರೂ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಅಪ್ಪ ಎಡವಿದರು. ಚಿಕ್ಕಿ ತೋಳು ಹಿಡಿದಾಗ ಬಿಡಿಸಿಕೊಳ್ಳಲಿಲ್ಲ.

ಡಾಕ್ಟರು ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಬೂದು ಬಣ್ಣದಲ್ಲಿ ಅರ್ಧ ಮುಳುಗಿದ ಆ ಮುಖ ನೋಡಿ ಒಂದು ಗಳಿಗೆ ಬೆಚ್ಚಿದಂತೆ ಕಂಡಿತು. "ಇದು ಹುಟ್ಟಿನಿಂದ ಬಂದಿದ್ದಲ್ಲ ಹಾಗಾದ್ರೆ. ಆಮೇಲೆ ಬೆಳೆದಿದ್ದು," ಅಂದರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವರೇ ಹೇಳಿದರು, "ತಿಳಿದಿದ್ದು ಒಳ್ಳೇದಾಯ್ತು."

ಮರುದಿನ ಬೆಳಿಗ್ಗೆ ಬೊಗಸೆಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವವರೆಗೂ ಅವಳು ಅಮ್ಮನ ಸೆರಗಿನ ತುದಿಯನ್ನು ಬಿಡಲಿಲ್ಲ. ಸೆರಗನ್ನೇ ಹರಿದು ಅವಳ ಕೈಯಲ್ಲಿ ಬಿಡಬೇಕೆಂದು ಅಕ್ಕನಿಗೆ ಅನ್ನಿಸಿತಂತೆ. ಹೊರಗೆ ನಾಲ್ವರೂ ಒಂದೇ ಬೆಂಚಿನ ಮೇಲೆ ಕೂತರು. ಭಾವ ಕೈಯಲ್ಲಿದ್ದ ನಟ್ಟೊಂದನ್ನು ತಿರುಗಿಸುತ್ತ ಕೂತಿದ್ದರು. ಎಲ್ಲಿ ಯಾವ ಲಿಫ್ಟಿಗೆ ಸೇರಬೇಕಾದದ್ದೋ ಏನೋ. ಅಪ್ಪ ಮಾತ್ರ ಒಂದು ಸಲ ಬಾಯಿ ತೆರೆದರು. "ಕಣ್ಣು ಹೋಗ್ಲಿ. ಬೇಕಾದ್ರೆ ನನ್ನದು ತೆಗೆದುಕೊಳ್ಳಲಿ. ಮಗು ಉಳೀಬೇಕು." ಅಕ್ಕ ಅವರ ಕಡೆ ತಿರುಗಿ, "ಅಪ್ಪಾ, ಸುಮ್ನಿರಿ," ಅಂದಳು. ಸಿಟ್ಟಿನಿಂದಲ್ಲ. ಇನ್ನೊಂದು ಮಾತು ಕೇಳಿದರೆ ತಾನು ಕುಸಿದುಬೀಳುತ್ತೇನೆಂಬ ಭಯದಿಂದ.

ಡಾಕ್ಟರು ಹೊರಗೆ ಬಂದು ಅವರೊಂದಿಗೇ ಬೆಂಚಿನ ತುದಿಯಲ್ಲಿ ಕೂತು ಹೇಳಿದರು. ಗಡ್ಡೆಯೇ. ಕ್ಯಾನ್ಸರೇ. ಒಂದೇ ಕಣ್ಣಿನಲ್ಲಿದೆ, ಬಲಗಣ್ಣು ಶುದ್ಧವಾಗಿದೆ. ಸ್ಕ್ಯಾನಿನಲ್ಲಿ ಕಣ್ಣಿನ ಹೊರಗೆಲ್ಲೂ ಕಂಡಿಲ್ಲ. ಔಷಧಿಯಿಂದ ಕುಗ್ಗಿಸಿ ಲೇಸರಿನಿಂದ ಸುಡಲು ನೋಡುತ್ತೇವೆ. ಆಗದಿದ್ದರೆ ಕಣ್ಣು ತೆಗೆಯಬೇಕಾಗಬಹುದು. "ಇನ್ನು ಸ್ವಲ್ಪ ದಿನ ತಡ ಆಗಿದ್ದಿದ್ರೆ ನಾನು ಕಣ್ಣಿನ ವಿಷಯ ಮಾತಾಡ್ತಿರಲಿಲ್ಲ," ಅಂದರು. "ಜೀವದ ವಿಷಯ ಮಾತಾಡ್ತಿದ್ದೆ."

ಆಗ ಭಾವ ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಮುಂದಿನ ತಿಂಗಳುಗಳು ಹೇಗೆ ಕಳೆದವೆಂದು ಆ ಮನೆಯವರು ಈಗಲೂ ಸರಿಯಾಗಿ ಹೇಳಲಾರರು. ಔಷಧಿ ಏರಿಸಿದ ಮೇಲೆ ಬೊಗಸೆಯ ಕೂದಲು ದಿಂಬಿನ ಮೇಲೆ ಉದುರಿತು. ಜ್ವರ ಬಂದಾಗಲೆಲ್ಲ ಮನೆಮಂದಿಯ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ಒಂದು ಪರದೆಯನ್ನೂ ಹೊಲಿಯಲಿಲ್ಲ. ಪ್ರತಿ ಸಲ ಅರಿವಳಿಕೆ ಕೊಟ್ಟು ನೋಡುವ ದಿನ ಬಂದರೆ ಹಿಂದಿನ ದಿನದಿಂದಲೇ ಯಾರ ಗಂಟಲಲ್ಲೂ ಅನ್ನ ಇಳಿಯುತ್ತಿರಲಿಲ್ಲ. ಗಡ್ಡೆ ಮೊದಲು ಹಾಗೇ ಇದೆ ಎಂದರು. ಆಮೇಲೆ ಸ್ವಲ್ಪ ಕುಗ್ಗಿದೆ ಎಂದರು. ಒಂದು ಸಲ ಅಂಚಿನಲ್ಲಿ ಹೊಸದೊಂದು ಚುಕ್ಕೆ ಕಂಡಿದೆ ಎಂದಾಗ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ, ಚಿಕ್ಕಿಯೂ ಪಕ್ಕದಲ್ಲೇ ಕೂತಳು. ಆ ಚುಕ್ಕೆಯನ್ನೂ ಸುಟ್ಟರು. ಕೊನೆಗೆ ಗಡ್ಡೆ ಒಣಗಿದ ಸುಣ್ಣದ ಹಕ್ಕಳೆಯಂತಾಯಿತು. ಕಣ್ಣು ಉಳಿಯಿತು. ಅದರಲ್ಲಿ ನೋಟ ಹೆಚ್ಚಿಲ್ಲ. ಬೆಳಕು, ನೆರಳು, ಎದುರು ಬಂದವರ ಆಕಾರ, ಅಷ್ಟೇ.

ಹೆದರಿಕೆ ಹೋಗಲಿಲ್ಲ. ಇನ್ನೂ ಹಲವು ವರ್ಷ ಆಗಾಗ ಬಂದು ತೋರಿಸಬೇಕೆಂದು ಡಾಕ್ಟರು ಹೇಳಿದ್ದಾರೆ.

ಸ್ಟುಡಿಯೋದಲ್ಲಿ ಫೈಲಿನ ಜಗಳ ಯಾರೂ ಗೆಲ್ಲದೆ ಮುಗಿಯಿತು. ಹಳೇ ಡಿಸ್ಕ್, ಆ ಚಿತ್ರಗಳನ್ನು ತೆಗೆದುಕೊಂಡ ವಾರವೇ ಪೂರ್ತಿ ಸತ್ತುಹೋಗಿತ್ತು. ಉಳಿದ ಡಿಸ್ಕುಗಳಲ್ಲಿದ್ದುದನ್ನು ಚಿಕ್ಕಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಡಿಎನ್‌ಜಿ ಮಾಡಿದಳು. ಜಾಗ ಉಳಿಸಲು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ಬಗೆಯನ್ನು ಬಳಸಲಿಲ್ಲ. ಕ್ಯಾಮೆರಾ ಕೊಟ್ಟದ್ದೆಲ್ಲ ಇರುವಂತೆಯೇ ಇಟ್ಟಳು. ಫೈಲು ಕೆಟ್ಟರೆ ಕೆಟ್ಟಿದೆ ಎಂದು ಹೇಳುವ ಗುರುತೊಂದು ಡಿಎನ್‌ಜಿಯೊಳಗೇ ಇರುತ್ತದೆಂದು ತೋರಿಸಿದಾಗ ಅಪ್ಪ, "ಮನುಷ್ಯರೇ ಅಷ್ಟು ಹೇಳಲ್ಲ," ಅಂದರು. ಮೂಲ ಫೈಲುಗಳನ್ನು ಅಳಿಸೋಣವೇ ಎಂದು ಅವಳು ಕೇಳಲಿಲ್ಲ. ಅವು ಇನ್ನೊಂದು ಡಿಸ್ಕಿನಲ್ಲಿ, ಅಪ್ಪನ ಬೀರುವಿನಲ್ಲಿ ಇವೆ.

ಅವಳಿಗೆ ಈಗ ಒಂದು ಚಾಳಿ ಅಂಟಿಕೊಂಡಿದೆ. ಮಕ್ಕಳ ಫೋಟೋ ಯಾವುದೇ ಬರಲಿ, ಮೊದಲು ಕಣ್ಣನ್ನು ಹಿಗ್ಗಿಸಿ ನೋಡುತ್ತಾಳೆ. ಮೊನ್ನೆ ಪಾಸ್‌ಪೋರ್ಟಿಗೆಂದು ತೆಗೆಸಿಕೊಂಡು ಹೋದ ಒಂದು ಗಂಡುಮಗುವಿನ ಚಿತ್ರದಲ್ಲಿ ಬಲಗಣ್ಣು ಮಸುಕಾಗಿ ಹೊಳೆದಂತೆ ಕಂಡಿತು. ಡಿಎನ್‌ಜಿ ನೋಡಿದಳು, ಮೂಲ ಫೈಲು ನೋಡಿದಳು. ಅಪ್ಪನನ್ನು ಕರೆದು ತೋರಿಸಿದಳು. ಅಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ, "ಬೆಳಕು ಇರಬಹುದು," ಅಂದರು. ಸ್ವಲ್ಪ ತಡೆದು, "ಫೋನ್ ಮಾಡು," ಅಂದರು.

"ಏನೂ ಇಲ್ಲದಿದ್ರೆ? ಆ ಮಗುವಿನ ಅಮ್ಮ ಎರಡು ದಿನ ನಿದ್ದೆ ಬಿಟ್ಟು ಕೂತ್ಕೋತಾಳೆ. ಬಂದು ನಮಗೆ ಬಯ್ತಾಳೆ."

"ಬಯ್ಯಲಿ ಬಿಡು."

ಚಿಕ್ಕಿ ರಸೀದಿಯ ಮೇಲಿದ್ದ ನಂಬರ್ ಒತ್ತಿದಳು. ಆ ಕಡೆ ಫೋನ್ ಹೊಡೆದುಕೊಳ್ಳುತ್ತಿದ್ದಷ್ಟು ಹೊತ್ತೂ ಮೊದಲ ಮಾತು ಏನು ಆಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೆಂಗಸಿನ ದನಿ "ಹಲೋ" ಅಂದಿತು. ಹಿಂದೆಲ್ಲೋ ಮಗು ನಗುತ್ತಿರುವುದು ಕೇಳಿಸುತ್ತಿತ್ತು.

"ಅಮ್ಮಾ, ಸ್ಟುಡಿಯೋದಿಂದ ಮಾತಾಡ್ತಾ ಇದ್ದೀನಿ," ಅಂದಳು. "ಗಾಬರಿ ಆಗ್ಬೇಡಿ. ಒಂದು ಮಾತು ಹೇಳ್ಬೇಕಿತ್ತು."